ಹುರುಳಿಯನ್ನೂ ಎಣಿಸಿ ಹೊರಟೆವು

ನಮ್ಮ ಕತ್ತಲಗೆರೆಯಿಂದ ವರ್ಷಾ ವರ್ಷಾ ಶಿವರಾತ್ರಿ ಕಳೆದ ಸೋಮವಾರ ಇಪ್ಪತ್ತೈದು ಮೂವತ್ತು ಜನ ತೀರ್ಥರಾಮೇಶ್ವರಕ್ಕೆ ನಡೆದು ಹೋಗುತ್ತೇವೆ. ಬಸವಾಪಟ್ಟಣ ದಾಟಿ, ಹೊನ್ನಾಳಿಯಲ್ಲಿ ಹೊಳೆ ದಾಟಿ, ನ್ಯಾಮತಿ ಮೇಲೆ ಹಾದು ಹೋದರೆ ಗುಡ್ಡ ಸಿಗುತ್ತದೆ. ಬರಿಗಾಲಲ್ಲಿ ನಡೆಯಬೇಕು. ದಿನಕ್ಕೆ ಒಂದೇ ಹೊತ್ತು ಊಟ.

ನಾವು ಹೊರಟರೆ ಕೇರಿಯ ನಾಯಿಗಳೂ ಹಿಂದೆ ಹೊರಡುತ್ತವೆ. ಯಾರೂ ಕರೆಯುವುದಿಲ್ಲ, ಯಾರೂ ಅಟ್ಟುವುದೂ ಇಲ್ಲ. ಯಾರೋ ಒಬ್ಬರು ಅವುಗಳ ಹಣೆಗೂ ವಿಭೂತಿ ಹಚ್ಚುತ್ತಾರೆ. ನಮಗೆ ಒಪ್ಪತ್ತು ಅಂದರೆ ಅವಕ್ಕೂ ಒಪ್ಪತ್ತು. ಜೊತೆಗೆ ಬಂದ ಮೇಲೆ ಅದೂ ಭಕ್ತನೇ ಅಲ್ಲವಾ ಅನ್ನುತ್ತೇವೆ. ಆರು ಹೋದರೆ ಮೂರು ಬರುತ್ತವೆ. ಉಳಿದವು ಎಲ್ಲಿ ಅಂತ ಮನೆಯವರು ಕೇಳಿದರೆ ಒಂದು ಮಾತು ಇದೆ: "ಸ್ವಾಮಿ ಹತ್ರ ಉಳಕಂಡ್ವು." ಆ ಮಾತು ಬಂದ ಮೇಲೆ ಯಾರೂ ಮುಂದೆ ಕೇಳುವುದಿಲ್ಲ.

ನಾನು ಓಂಕಾರಪ್ಪ. ಓದಿದ್ದು ಎರಡನೇ ಕ್ಲಾಸು. ಹುಟ್ಟಿದ್ದು ಜಗಳೂರು ಕಡೆ, ಹೊಟ್ಟೆಪಾಡಿಗೆ ಬಂದು ನಿಂತದ್ದು ಇಲ್ಲಿ. ಮೂವತ್ತೊಂದು ವರ್ಷ ರಸ್ತೆ ಗ್ಯಾಂಗಿನಲ್ಲಿ ದುಡಿದೆ. ಡಾಂಬರು ಕಾಯಿಸಿದೆ, ಹೊಯ್ದೆ, ಜಲ್ಲಿ ಹರಡಿದೆ. ಈಗ ವಯಸ್ಸು ಎಪ್ಪತ್ತೊಂದು. ನಮ್ಮ ಸಂಘದ ಹೆಣ್ಣುಮಕ್ಕಳು, "ಅಜ್ಜ, ಹುರುಳಿ ವಿಷಯ ಬರೆದು ಕೊಡು, ನಾವು ವಾರದ ಸಭೇಲಿ ಓದ್ತೀವಿ" ಅಂದರು. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಳ್ಳಿ.

ಹುರುಳಿ ನಮ್ಮ ಮನೆ ನಾಯಿ. ಹೆಣ್ಣು ನಾಯಿ, ಮೂರು ವರ್ಷ ವಯಸ್ಸು. ಮೈ ಬಣ್ಣ ಹುರುಳಿಕಾಳಿನದೇ. ನಮ್ಮ ಕೊಟ್ರೇಶ್ ಅಂದರೆ ನನ್ನ ಮಗ, ಲಗೇಜ್ ಆಟೋ ಓಡಿಸುತ್ತಾನೆ. ಒಂದು ಸಂಜೆ ಅವನು ತಂದ ಖಾಲಿ ಚೀಲಗಳ ರಾಶಿಯಲ್ಲಿ ಈ ಮರಿ ಮಲಗಿತ್ತು. ಯಾವ ಊರಲ್ಲಿ ಹತ್ತಿತೋ ಗೊತ್ತಿಲ್ಲ. ನನ್ನ ಹೆಂಡತಿ ಮೂಕಮ್ಮ ಅದನ್ನು ಎತ್ತಿ ಮಡಿಲಿಗೆ ಹಾಕಿಕೊಂಡವಳು ಇಳಿಸಲೇ ಇಲ್ಲ.

ಆಮೇಲೆ ಮೂಕಮ್ಮನ ಕಣ್ಣಿಗೆ ಪೊರೆ ಬಂತು. ಒಂದು ವರ್ಷ ಅವಳಿಗೆ ಎಲ್ಲವೂ ಹೊಗೆ ಹೊಗೆ. ಆಗ ಹುರುಳಿಯ ಕೊರಳಿಗೆ ಒಂದು ಗೆಜ್ಜೆ ಕಟ್ಟಿದ್ದಳು. ಹಿತ್ತಲಿಗೆ, ನಲ್ಲಿಗೆ, ಅಂಗಡಿಗೆ ನಾಯಿ ಮುಂದೆ, ಗೆಜ್ಜೆ ಸದ್ದು ಹಿಡಿದು ಇವಳು ಹಿಂದೆ. ಚರಂಡಿ ಬಂದರೆ ನಾಯಿ ನಿಲ್ಲುತ್ತಿತ್ತು, ಇವಳೂ ನಿಲ್ಲುತ್ತಿದ್ದಳು. ಕಣ್ಣು ನೆಟ್ಟಗಾದರೆ ತೀರ್ಥರಾಮೇಶ್ವರಕ್ಕೆ ನಡೆದು ಬರುತ್ತೇನೆ ಅಂತ ಹರಕೆ ಹೊತ್ತಳು. ಹೋದ ವರ್ಷ ಆಪರೇಶನ್ ಆಯಿತು. ಕಣ್ಣು ನೆಟ್ಟಗಾಯಿತು. ಹರಕೆ ತೀರಿಸುವುದು ಉಳಿಯಿತು.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ದುರ್ಗಾಂಬಿಕಾ ನಮ್ಮ ಮನೆಗೆ ಬಂದಳು. ಅವಳು ನಮ್ಮ ಸಂಘದ ಪಶುಸಖಿ. ಮನೆ ಮನೆಗೆ ಹೋಗಿ ದನ, ಕುರಿ, ನಾಯಿಗಳ ಆರೋಗ್ಯ ವಿಚಾರಿಸುವುದು, ಚುಚ್ಚುಮದ್ದಿನ ದಿನ ನೆನಪಿಸುವುದು ಅವಳ ಕೆಲಸ. ನಮ್ಮ ಎಮ್ಮೆಯ ಕೆಚ್ಚಲು ನೋಡುತ್ತಾ ಕೂತಿದ್ದಳು. ಹುರುಳಿ ಅವಳ ಚೀಲ ಮೂಸುತ್ತಿತ್ತು.

"ಮೂಕಮ್ಮಾರು ಈ ಸಲ ನಡಿಯಾಕೆ ಹೋಗ್ತಾರಂತೆ" ಅಂದಳು. "ಹುರುಳಿ ಏನ್ ಮಾಡ್ತೀರಿ?"

"ಏನ್ ಮಾಡೋದು? ಅದು ಹೆಂಗೂ ಹಿಂದೆ ಬರ್ತೈತೆ" ಅಂದೆ ನಾನು.

"ಹೋದ ವರ್ಷ ಎಷ್ಟು ನಾಯಿ ಹೋಗಿದ್ವು ಅಜ್ಜ?"

"ಆರೋ ಏಳೋ ಇದ್ವು."

"ಬಂದದ್ದು?"

"ಮೂರು."

"ಉಳಿದವು?"

"ಸ್ವಾಮಿ ಹತ್ರ ಉಳಕಂಡ್ವು."

ಅವಳು ನಗಲಿಲ್ಲ. ನಗುತ್ತಾಳೆ ಅಂದುಕೊಂಡಿದ್ದೆ. ಎಮ್ಮೆಯ ಕಾಲ ಹತ್ತಿರದಿಂದ ಎದ್ದು ಕೈ ಒರೆಸಿಕೊಂಡು ಕೇಳಿದಳು, "ನೀವು ಹನ್ನೊಂದು ಸಲ ಹೋಗಿ ಬಂದೀರಿ. ಗುಡ್ಡದ ಮೇಲೆ ನಮ್ಮೂರಿನ ಒಂದು ನಾಯಿನಾದ್ರೂ ನೋಡೀರಾ?"

ನಾನು ಯೋಚನೆ ಮಾಡಿದೆ. ಅಲ್ಲಿ ಕೋತಿಗಳನ್ನು ನೋಡಿದ್ದೆ. ಹೂ ಮಾರುವವರನ್ನು ನೋಡಿದ್ದೆ. ನಮ್ಮೂರಿನ ನಾಯಿ ಒಂದನ್ನೂ ನೋಡಿರಲಿಲ್ಲ.

"ನಮ್ ಕಾಲದಾಗೆ ನಾಯಿಗೆ ಯಾರಮ್ಮ ನೀರು ಹೊತ್ತರು?" ಅಂದೆ. "ಅವು ನಾಯಿ. ಬಿಸಿಲು, ಕಲ್ಲು, ಮುಳ್ಳು ಎಲ್ಲಾ ಅವಕ್ಕೆ ಒಂದೇ."

ಮೂಕಮ್ಮ ಒಳಗಿಂದಲೇ ಹೇಳಿದಳು, "ನಿಮ್ಮಪ್ಪನ ಕಾಲದಾಗೂ ಒಂದು ನಾಯಿ ಇತ್ತಂತಲ್ಲ, ಕೊಡದಗುಡ್ಡಕ್ಕೆ ಹೋಗಿ ಬರಲಿಲ್ಲ ಅಂತ. ನೀವೇ ಹೇಳಿದ್ರಿ."

ಹೇಳಿದ್ದೆ. ಮದುವೆಯಾದ ಹೊಸದರಲ್ಲಿ ಒಂದು ಸಲ. ಅವಳು ಮರೆತಿರಲಿಲ್ಲ.

ಆಗ ನನಗೆ ಒಂಬತ್ತು ವರ್ಷ. ಜಗಳೂರು ಕಡೆಯ ನಮ್ಮ ಹಳ್ಳಿಯಿಂದ ಕೊಡದಗುಡ್ಡಕ್ಕೆ ಅಪ್ಪನ ಜೊತೆ ನಡೆದಿದ್ದೆ. ಬಿಳಿ ಅಂತ ಒಂದು ನಾಯಿ ಇತ್ತು, ನಾನು ಉಂಡು ಬಿಟ್ಟ ಮುದ್ದೆ ತಿಂದು ಬೆಳೆದದ್ದು. ಅದೂ ಬಂತು. ಬಂದ ಮೇಲೆ ಅಪ್ಪ ಅವ್ವನಿಗೆ ಹೇಳಿದ, "ಬಿಳಿ ಸ್ವಾಮಿ ಹತ್ರ ಉಳೀತು." ಅವ್ವ ಕೈ ಮುಗಿದಳು. ಊರೆಲ್ಲ ನಮ್ಮ ಮನೆ ನಾಯಿ ಪುಣ್ಯವಂತ ಅಂದರು. ನಾನೂ ಹಾಗೇ ಹೇಳಿಕೊಂಡು ಬಂದೆ.

ಆದರೆ ನಾನು ನೋಡಿದ್ದೆ. ಗುಡ್ಡ ಇನ್ನೂ ದೂರ ಇತ್ತು. ಮಟಮಟ ಮಧ್ಯಾಹ್ನ. ಬಿಳಿ ಒಂದು ಜಾಲಿ ಗಿಡದ ಬುಡದಲ್ಲಿ ಮಲಗಿತು. ನಾನು ತಿರುಗಿ ನೋಡಿದೆ. ಅದು ತಲೆ ಎತ್ತಿ ನನ್ನನ್ನು ನೋಡಿತು. ಅಪ್ಪ ನನ್ನ ಕೈ ಎಳೆದ. "ನಡಿ, ಅದು ಬರ್ತೈತೆ" ಅಂದ. ನಾನು ನಡೆದೆ.

ಇದನ್ನು ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಆವತ್ತು ಎಮ್ಮೆ ಕಟ್ಟುವ ಜಾಗದಲ್ಲಿ ನಿಂತು ಹೇಳಿದೆ. ಹೇಳಿ ಮುಗಿಸಿ ಎಮ್ಮೆಯ ಹಗ್ಗ ಸುತ್ತತೊಡಗಿದೆ.

ಮೂಕಮ್ಮ ಹೊಸಲಿಗೆ ಬಂದು ಕೂತಿದ್ದಳು. "ಕಣ್ಣಿಲ್ಲದಾಗ ಇದು ನನ್ನ ಕೈ ಹಿಡಿದು ನಡೆಸೈತೆ" ಅಂದಳು. "ಹಾದ್ಯಾಗೆ ಬಿಟ್ಟು ಬರಾಕೆ ನನ್ನ ಕೈಲಿ ಆಗಲ್ಲ. ಇದು ವಾಪಸ್ ಬರ್ತೈತೆ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಹರಕೆ ಸ್ವಾಮಿ ಹತ್ರನೇ ಇರಲಿ."

"ಕಟ್ಟಿ ಹಾಕಿ ಹೋಗ್ಬೋದಲ್ಲ" ಅಂದೆ.

"ಆಸ್ಪತ್ರೇಲಿದ್ದ ಎರಡು ದಿನ ಇದು ಏನು ತಿಂತು?"

ಏನೂ ತಿಂದಿರಲಿಲ್ಲ. ಹಗ್ಗ ಕಡಿದುಕೊಂಡು ಬಸ್‌ಸ್ಟಾಂಡಿನಲ್ಲಿ ಕೂತಿತ್ತು.

ದುರ್ಗಾಂಬಿಕಾ ಹೇಳಿದಳು, "ಕರಕೊಂಡು ಹೋಗ್ರಿ, ಬ್ಯಾಡ ಅನ್ನಲ್ಲ. ಆದ್ರೆ ಅದು ಹಿಂದೆ ಬರೋದು ಬೇರೆ, ನೀವು ಕರಕೊಂಡು ಹೋಗೋದು ಬೇರೆ. ಕರಕೊಂಡು ಹೋಗೋದಾದ್ರೆ ತಯಾರಿ ಈಗಿಂದ್ಲೇ ಮಾಡ್ಬೇಕು. ಮರಿ, ಬಸುರಿ, ಮುದಿ ನಾಯಿ ಆಗಿದ್ರೆ ಮನೇಲೇ ಬಿಡ್ರಿ ಅಂತಿದ್ದೆ. ಇದು ಗಟ್ಟಿ ಐತೆ."

ಮರುದಿನವೇ ಹುರುಳಿಯನ್ನು ಆಟೋದಲ್ಲಿ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಮೈ ಎಲ್ಲಾ ಮುಟ್ಟಿ ನೋಡಿದರು. ರೇಬಿಸ್ ಚುಚ್ಚುಮದ್ದು ಹಾಕಿದರು. ಜಂತಿನ ಗುಳಿಗೆ ಕೊಟ್ಟರು, ಉಣ್ಣೆ ಹುಳ ಹತ್ತದ ಹಾಗೆ ಕುತ್ತಿಗೆಗೆ ಔಷಧಿ ಹಚ್ಚಿದರು. "ಹೊರಡೋ ಹಿಂದಿನ ದಿನ ಬಂದ್ರೆ ಪ್ರಯೋಜನ ಇರ್ತಿರಲಿಲ್ಲ. ಮದ್ದು ಮೈಗೆ ಹಿಡಿಯಾಕೆ ಮೂರು ನಾಲ್ಕು ವಾರ ಬೇಕು" ಅಂದರು. ಒಂದು ಚೀಟಿ ಕೊಟ್ಟರು. ಅದನ್ನು ಮೂಕಮ್ಮ ತನ್ನ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಳು. ಕೊಟ್ರೇಶ್ ಬೀಗದ ಕೈ ಮಾಡುವವನ ಹತ್ತಿರ ಒಂದು ತಗಡಿನ ಬಿಲ್ಲೆ ಮಾಡಿಸಿ, ಅದರ ಮೇಲೆ ತನ್ನ ಫೋನ್ ನಂಬರು ಕೊರೆಸಿ ತಂದ. ಗೆಜ್ಜೆಯ ಪಕ್ಕದಲ್ಲಿ ಅದನ್ನೂ ಕಟ್ಟಿದೆವು.

ಇನ್ನು ನಡಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಹುರುಳಿಗೆ ಹಗ್ಗದಲ್ಲಿ ನಡೆದು ಗೊತ್ತಿಲ್ಲ. ಕುತ್ತಿಗೆಗೆ ಹಗ್ಗ ಹಾಕಿದರೆ ಉಸಿರು ಕಟ್ಟುತ್ತದೆ ಅಂತ ದುರ್ಗಾಂಬಿಕಾ ಎದೆಗೂ ಬೆನ್ನಿಗೂ ಸುತ್ತಿ ಬರುವ ಪಟ್ಟಿ ಹೊಲಿಸಿಕೊಟ್ಟಳು, ಹಳೇ ಸ್ಕೂಲ್ ಬ್ಯಾಗಿನ ಪಟ್ಟಿಯದು. ಬೆಳಗಿನ ಐದೂವರೆಗೆ ಚಾನಲ್ ಕಾಲುವೆ ದಂಡೆ ಮೇಲೆ ಹೊರಡುವುದು. ಮೊದಲ ದಿನ ಅದು ನನ್ನನ್ನು ಎಳೆಯಿತು, ಎರಡನೇ ದಿನ ನಾನು ಅದನ್ನು ಎಳೆದೆ. ಗದ್ದೆಗೆ ನೀರು ಕಟ್ಟುತ್ತಿದ್ದ ಗಾದ್ರಪ್ಪ ನೋಡಿ, "ಏನ್ ಓಂಕಾರಣ್ಣ, ನಾಯಿ ನಿನ್ನ ಮೇಯಿಸಾಕೆ ಹೊಡಕೊಂಡು ಹೊಂಟೈತಾ?" ಅಂದ.

"ಹೂಂ ಕಣಪ್ಪ, ನಿನ್ನ ಗದ್ದೆಗೇ ಬಿಡ್ತೈತಂತೆ" ಅಂದೆ.

ಮೊದಲ ವಾರ ಒಂದು ಮೈಲಿ, ಆಮೇಲೆ ಎರಡು, ತಿಂಗಳು ತುಂಬುವಾಗ ನಾಲ್ಕು. ನನ್ನ ಮೊಣಕಾಲಿಗೂ ಅದು ಒಳ್ಳೆಯದಾಯಿತು.

ಒಂದು ದಿನ ತಡವಾಗಿ ಹೊರಟು ವಾಪಸ್ ಬರುವಾಗ ಹತ್ತೂವರೆ ಆಗಿತ್ತು. ದುರ್ಗಾಂಬಿಕಾ ರಸ್ತೆಯಲ್ಲಿ ಸಿಕ್ಕಳು. "ಅಜ್ಜ, ಅಂಗೈ ಬ್ಯಾಡ, ಕೈಯ ಹಿಂಭಾಗ ರಸ್ತೆ ಮೇಲೆ ಇಡ್ರಿ. ಏಳು ಎಣಿಸ್ರಿ. ಅಷ್ಟು ಹೊತ್ತು ಇಡಾಕೆ ಆಗ್ಲಿಲ್ಲ ಅಂದ್ರೆ ನಾಯಿ ಕಾಲಿಗೂ ಆಗಲ್ಲ."

ನಾನು ಕುಕ್ಕರುಗಾಲಲ್ಲಿ ಕೂತು ಕೈ ಇಟ್ಟೆ. "ಏಳು ಎಣಿಸೋದು ಬ್ಯಾಡವ್ವ, ನಾನು ಓಂ ನಮಃ ಶಿವಾಯ ಅಂತೀನಿ, ನಿಧಾನಕ್ಕೆ ಐದು ಸಲ" ಅಂದೆ. ನಾಲ್ಕನೆಯದಕ್ಕೆ ಕೈ ಎತ್ತಿಬಿಟ್ಟೆ.

ಮೂವತ್ತೊಂದು ವರ್ಷ ಬಿಸಿ ಡಾಂಬರಿನ ಹತ್ತಿರ ಕಾಲಿಗೆ ಗೋಣಿ ಸುತ್ತಿಕೊಂಡು ನಿಂತವನು ನಾನು. ಗೋಣಿ ಇಲ್ಲದ ದಿನ ಕೆಲಸಕ್ಕೆ ಇಳಿಯುತ್ತಿರಲಿಲ್ಲ. ಹರಕೆ ಹೊತ್ತವರ ಬರಿಗಾಲು ಅವರು ಬೇಡಿ ಪಡೆದದ್ದು. ನಾಯಿಯ ಬರಿಗಾಲು ಅದು ಬೇಡಿದ್ದಲ್ಲ. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ.

ನಮ್ಮ ನಡಿಗೆಗೆ ಹಿರಿಯರು ಪಂಚಾಕ್ಷರಪ್ಪನವರು. ಒಳ್ಳೆಯ ಮನುಷ್ಯ, ಹಿಡಿದ ಮಾತು ಬಿಡದವರು. ದುರ್ಗಾಂಬಿಕಾ ಅವರ ಜಗಲಿಗೆ ಹೋಗಿ ಕೇಳಿದಳು, "ಸಂಕ್ರಾಂತಿಗೆ ಮುಂಚೆ ಹೋದ್ರೆ ತಂಪು ಇರ್ತೈತೆ. ಬರೋ ವರ್ಷನಾದ್ರೂ ದಿನ ಬದಲು ಮಾಡ್ರಿ."

"ನಾಯಿ ಸಲುವಾಗಿ ಸ್ವಾಮಿ ದಿನ ಬದಲು ಮಾಡ್ಬೇಕೇನಮ್ಮ?" ಅಂದರು ಅವರು.

"ಜನಕ್ಕೂ ಬಿಸಿಲೇ ಅಲ್ವೇನ್ರಿ."

"ಬಿಸಿಲು ಇಲ್ಲದಿದ್ರೆ ಅದು ಹರಕೆ ಹೆಂಗೆ ಆಗ್ತೈತೆ?"

"ಸರಿ, ಹಂಗಾದ್ರೆ ಹೊತ್ತಾದ್ರೂ ಬದಲು ಮಾಡ್ರಿ. ಬೆಳಗಿನ ಜಾವ ಹೊರಟು ಒಂಬತ್ತೂವರೆಗೆ ನಿಲ್ರಿ. ಮತ್ತೆ ನಾಲ್ಕೂವರೆ ಮೇಲೆ ನಡೀರಿ."

ಅದಕ್ಕೆ ಅವರು "ನೋಡಾಣ" ಅಂದರು. ಕೇರಿಯವರು ಮಾತ್ರ ದುರ್ಗಾಂಬಿಕಾಳ ಮಾತು ಕೇಳಿ ತಮ್ಮ ತಮ್ಮ ನಾಯಿಗಳನ್ನು ಮನೆಯಲ್ಲೇ ನೋಡಿಕೊಳ್ಳಲು ಒಪ್ಪಿದರು. ಪಂಚಾಕ್ಷರಪ್ಪನವರ ಮನೆಯ ಕರಿ ನಾಯಿ ಭೈರನನ್ನು ಕಟ್ಟಿ ಅಂದರೆ, "ಅದು ಎರಡು ಸಲ ಹೋಗಿ ಬಂದೈತೆ, ಅದಕ್ಕೆ ಹಾದಿ ಗೊತ್ತು" ಅಂದರು.

ಹೊರಡುವ ಸೋಮವಾರ ಹನುಮಂತನ ಗುಡಿ ಮುಂದೆ ಅವರು ವಾಡಿಕೆಯಂತೆ ತಲೆ ಎಣಿಸಿದರು. "ಇಪ್ಪತ್ತಾರು" ಅಂದರು.

"ಹುರುಳಿನೂ ಎಣಿಸ್ರಿ" ಅಂದಳು ಮೂಕಮ್ಮ.

ಎಲ್ಲರೂ ನಕ್ಕರು. ಪಂಚಾಕ್ಷರಪ್ಪನವರೂ ನಕ್ಕರು. "ಆತು, ಇಪ್ಪತ್ತಾರು ಜನ, ಒಂದು ಹುರುಳಿ. ಭೈರನ ಹೆಸರು ಹಾಜರಿ ಪುಸ್ತಕದಾಗೆ ಇಲ್ಲ, ಅದು ಸ್ವಂತ ಖುಷಿಗೆ ಬರ್ತೈತೆ."

ಎಲ್ಲರ ಗಂಟು, ಪಾತ್ರೆ, ಅಕ್ಕಿ ಕೊಟ್ರೇಶನ ಆಟೋದಲ್ಲಿ. ಹುರುಳಿಯದೇ ಒಂದು ಚೀಲ: ಐದು ಲೀಟರಿನ ನೀರಿನ ಕ್ಯಾನು, ಒಂದು ಹಳೇ ಸ್ಟೀಲ್ ಬಟ್ಟಲು, ಒಣಗಿಸಿದ ರೊಟ್ಟಿ, ಬೇಯಿಸಿದ ಮೊಟ್ಟೆ, ಎರಡು ಟವೆಲು, ಗಾಯಕ್ಕೆ ಕಟ್ಟಲು ಶುದ್ಧ ಬಟ್ಟೆ, ಹೇಲು ಮುಚ್ಚಲು ಒಂದು ಕುರ್ಪಿ. ಹಾದಿಯಲ್ಲಿ ಸಿಗುವ ಪಶು ಆಸ್ಪತ್ರೆಗಳ ಫೋನ್ ನಂಬರನ್ನು ದುರ್ಗಾಂಬಿಕಾ ದಪ್ಪ ಅಕ್ಷರದಲ್ಲಿ ಬರೆದು ನನ್ನ ಜೇಬಿಗೆ ಇಟ್ಟಳು. "ನೀವು ಒಪ್ಪತ್ತು ಇರ್ರಿ, ಅದಕ್ಕೆ ಎರಡು ಹೊತ್ತು ಹಾಕ್ರಿ. ಉಂಡ ಕೂಡ್ಲೇ ನಡಿಸಬ್ಯಾಡ್ರಿ. ಅದು ದಣಿದ್ರೆ ಆಟೋ ಹತ್ತಿಸ್ರಿ" ಅಂದಳು.

ಹಾದಿಯಲ್ಲಿ ಇದೇ ಎಲ್ಲರ ತಮಾಷೆಗೆ ವಸ್ತುವಾಯಿತು. "ಹರಕೆ ಮೂಕಮ್ಮಂದು, ಆಟೋ ಹುರುಳೀದು" ಅಂತ ಪಂಚಾಕ್ಷರಪ್ಪನವರು ಹೇಳಿದರೆ ಸಾಲಿನ ಕೊನೆಯವರೆಗೂ ನಗು. ಹುರುಳಿ ಮಾತ್ರ ಆಟೋದ ಹಿಂದೆ ಅಕ್ಕಿ ಮೂಟೆ ಮೇಲೆ ಕೂತು ಎಲ್ಲರನ್ನೂ ಸಾಹೇಬರ ಹಾಗೆ ನೋಡಿಕೊಂಡು ಹೋಯಿತು.

ಎರಡು ದಿನ ಎಲ್ಲರನ್ನೂ ಬೆಳಗಿನ ಜಾವವೇ ಎಬ್ಬಿಸಿ ಹೊರಡಿಸಿದೆವು, ಚೆನ್ನಾಗಿ ಕಳೆಯಿತು. ನಿಂತಲ್ಲೆಲ್ಲ ಮೂಕಮ್ಮ ಅದರ ಅಂಗಾಲು ನೋಡುತ್ತಿದ್ದಳು. ಜನ ಅದಕ್ಕೆ ಮಂಡಕ್ಕಿ ಹಾಕಲು ಬಂದರೆ ತಡೆಯುತ್ತಿದ್ದಳು. "ಈರುಳ್ಳಿ ಐತಪ್ಪ ಅದ್ರಾಗೆ, ನಾಯಿ ರಕ್ತಕ್ಕೆ ಆಗಲ್ಲಂತೆ. ಪಾಯಸದ ದ್ರಾಕ್ಷಿನೂ ಆಗಲ್ಲಂತೆ." ಎದುರಿಗೆ ಮಕ್ಕಳು ಬಂದರೆ ನಾನು ಹಗ್ಗ ಗಿಡ್ಡ ಮಾಡುತ್ತಿದ್ದೆ. ನಮಗೆ ಹುರುಳಿ ಮುದ್ದು, ಹೆದರುವವರಿಗೆ ಅದು ನಾಯಿ.

ಮೂರನೇ ದಿನ ಬೆಳಿಗ್ಗೆ ಹೊನ್ನಾಳಿಯಲ್ಲಿ ಎಡವಟ್ಟಾಯಿತು. ಹೊಳೆಯಲ್ಲಿ ಸ್ನಾನ, ಪೂಜೆ, ಆಮೇಲೆ ತಿಂಡಿ ಅಂತ ಎಂಟೂವರೆ ಮಾಡಿದರು. ಬಿಸಿಲು ಏರುತ್ತದೆ, ಹೊರಡೋಣ ಅಂತ ನಾನು ಎರಡು ಸಲ ಹೇಳಿದೆ. ನನ್ನ ದನಿ ಸಣ್ಣದು, ಹೊಳೆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಕೊಟ್ರೇಶ್ ಅಡಿಗೆಯವರನ್ನು ಕೂರಿಸಿಕೊಂಡು ನ್ಯಾಮತಿಗೆ ಮುಂದೆ ಹೋದ. ಹುರುಳಿಯ ಚೀಲ ನನ್ನ ಹೆಗಲಲ್ಲಿತ್ತು.

ಅರ್ಧ ದಾರಿಗೆ ಹತ್ತೂವರೆ. ಆ ರಸ್ತೆಯ ಒಂದೊಂದು ಮೋರಿಯೂ ನನಗೆ ಗೊತ್ತು. ನಮ್ಮ ಗ್ಯಾಂಗೇ ಅಲ್ಲಿ ಡಾಂಬರು ಹೊಯ್ದದ್ದು. ಹುರುಳಿ ಕಾಲು ಕಾಲು ಎತ್ತಿ ಇಡುತ್ತಿತ್ತು. ನಾನು ಕೂತು ಕೈಯ ಹಿಂಭಾಗ ರಸ್ತೆಗೆ ಇಟ್ಟೆ. ಮೂರನೇ ನಾಮಕ್ಕೆ ಕೈ ಎತ್ತಿದೆ.

"ಪಂಚಾಕ್ಷರಪ್ಪಾರೆ, ನಾವು ಇಲ್ಲೇ ನಿಲ್ತೀವಿ" ಅಂದೆ.

"ಇನ್ನು ಒಂದೂವರೆ ತಾಸು ನಡೆದ್ರೆ ಊಟ. ಇಲ್ಲಿ ಕೂತು ಏನ್ ಮಾಡ್ತೀರಿ?"

"ಸಂಜೆ ಬರ್ತೀವಿ."

"ನಾಯಿ ಸಲುವಾಗಿ ಗುಂಪು ಬಿಡ್ತೀಯಾ ಓಂಕಾರಪ್ಪ? ಸಣ್ಣೋನಿದ್ದಾಗಿಂದ ಗುಡ್ಡಗಳಿಗೆ ನಡೆಯೋನು ನೀನು."

"ಅದಕ್ಕೇ ನಿಲ್ತೀನಿ" ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಬಿಡಿಸಿ ಹೇಳುವ ಜಾಗವೂ ಅದಲ್ಲ.

ಮೋರಿಯ ಪಕ್ಕ ಒಂದು ಹೊಂಗೆ ಮರ. ನಾನು, ಮೂಕಮ್ಮ, ಹುರುಳಿ ಅದರ ನೆರಳಿಗೆ ಹೋದೆವು. ಬಟ್ಟಲಿಗೆ ನೀರು ಹಾಕಿದೆ, ಹುರುಳಿ ಕುಡಿದು ಮಣ್ಣಲ್ಲಿ ಹೊಟ್ಟೆ ಒತ್ತಿ ಮಲಗಿತು. ಗುಂಪು ರಸ್ತೆಯಲ್ಲಿ ಸಣ್ಣದಾಗುತ್ತಾ ಹೋಯಿತು. ಎಲ್ಲರ ಹಿಂದೆ ಭೈರ.

ಭೈರ ನಿಂತಿತು. ಮತ್ತೆ ನಡೆಯಿತು. ಹಿಂಗಾಲು ಸೊಟ್ಟಗೆ ಬೀಳುತ್ತಿತ್ತು. ರಸ್ತೆ ಅಂಚಿಗೆ ಬಂದು ಮಲಗಿತು. ಎದ್ದು ಮೂರು ಹೆಜ್ಜೆ ಇಟ್ಟಿತು. ಮತ್ತೆ ಬಿತ್ತು. ಮುಂದೆ ಹೋಗುವವರು ಭಜನೆ ಹೇಳುತ್ತಿದ್ದರು, ಒಬ್ಬರೂ ತಿರುಗಿ ನೋಡಲಿಲ್ಲ. ಭೈರ ಬಿದ್ದ ಜಾಗದಲ್ಲಿ ಒಂದು ಜಾಲಿ ಗಿಡ ಇತ್ತು.

ನಾನು ಎದ್ದೆ.

"ಎಲ್ಲಿಗ್ರೀ?" ಅಂದಳು ಮೂಕಮ್ಮ.

"ಬಿಳಿ ಹತ್ರ" ಅಂದೆ. ಬಾಯಿಗೆ ಆ ಹೆಸರೇ ಬಂತು. ಅವಳು ಹುರುಳಿಯನ್ನು ಮರದ ಬೇರಿಗೆ ಕಟ್ಟಿ, ಟವೆಲು ತಗೊಂಡು ನನ್ನ ಹಿಂದೆ ಬಂದಳು.

ಭೈರನ ನಾಲಿಗೆ ಉದ್ದಕ್ಕೆ ಜೋತುಬಿದ್ದಿತ್ತು, ಇಟ್ಟಿಗೆ ಕೆಂಪು. ಬಾಯಿಂದ ದಪ್ಪ ಜೊಲ್ಲು. ಮೈ ಮುಟ್ಟಿದರೆ ಒಲೆ ಮೇಲಿನ ಹಂಚು. ಟವೆಲಿನ ಮೇಲೆ ಉರುಳಿಸಿ, ಆ ತುದಿ ಅವಳು ಈ ತುದಿ ನಾನು ಹಿಡಿದು ನೆರಳಿಗೆ ತಂದೆವು. ಎಪ್ಪತ್ತು ದಾಟಿದ ಇಬ್ಬರು ಅಷ್ಟು ಭಾರ ಹೆಂಗೆ ಹೊತ್ತೆವೋ ನನಗೆ ಈಗಲೂ ತಿಳಿಯದು.

ಚೀಟಿ ತೆಗೆದು ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಹೇಳುತ್ತಾ ಹೋದರು, ಮೂಕಮ್ಮ ಮಾಡುತ್ತಾ ಹೋದಳು. ಹೊಟ್ಟೆ, ತೊಡೆಯ ಸಂದು, ಕಂಕುಳು, ಅಂಗಾಲಿಗೆ ನೀರು ಹೊಯ್ಯಬೇಕು. ಮಾಮೂಲಿ ನೀರೇ ಸಾಕು, ಐಸು ಬೇಡ. ಒದ್ದೆ ಬಟ್ಟೆ ಮೈಮೇಲೆ ಹೊದಿಸಿ ಹಾಗೇ ಬಿಡಬಾರದು, ಒಳಗಿನ ಕಾವು ಹೊರಗೆ ಬರುವುದಿಲ್ಲ. ನೀರು ಹೊಯ್ದು ಗಾಳಿ ಹಾಕಬೇಕು. ಬಾಯಿ ತೆರೆದು ನೀರು ಸುರಿಯಬಾರದು. ತಾನೇ ನೆಕ್ಕಿದರೆ ಸ್ವಲ್ಪ ಸ್ವಲ್ಪ ಕೊಡಬೇಕು. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಕರೆದುಕೊಂಡು ಬನ್ನಿ.

ಕೊಟ್ರೇಶನಿಗೆ ಫೋನ್ ಮಾಡಿದೆ. ಮೂಕಮ್ಮ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಹುರುಳಿ ಹಗ್ಗ ಎಳೆದು ಬಂದು ಭೈರನ ಕಿವಿ ನೆಕ್ಕಿತು. ಕಾಲು ಗಂಟೆ ಕಳೆದಿರಬೇಕು, ಭೈರ ನಾಲಿಗೆ ಒಳಗೆ ಎಳೆದುಕೊಂಡಿತು. ಮತ್ತೆ ಹೊರಗೆ ಹಾಕಿ ಬಟ್ಟಲಿನ ಅಂಚು ನೆಕ್ಕಿತು. ಮೂಕಮ್ಮನ ಕಣ್ಣಿಂದ ನೀರು ಬಂತು. ಹೊಸ ಕಣ್ಣು, ಒರೆಸಬೇಡ ಅಂತ ನಾನು ಬೈದೆ.

ಆಟೋ ಬಂತು. ಮುಂದಿನ ಸೀಟಿನಲ್ಲಿ ಪಂಚಾಕ್ಷರಪ್ಪನವರು. ಕೊಟ್ರೇಶ್ ದಾರಿಯಲ್ಲಿ ಗುಂಪು ನಿಲ್ಲಿಸಿ ವಿಷಯ ಹೇಳಿದ್ದ. ಹರಕೆಗೆ ನಡೆಯುವವರು ನಡುವೆ ಗಾಡಿ ಹತ್ತಬಾರದು. ಅವರು ಹತ್ತಿ ಬಂದಿದ್ದರು. ಇಳಿದು, ಭೈರನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತರು.

ಆಸ್ಪತ್ರೆಯಲ್ಲಿ ಭೈರನಿಗೆ ಡ್ರಿಪ್ ಹಾಕಿದರು. "ಇನ್ನು ಸ್ವಲ್ಪ ತಡ ಆಗಿದ್ರೆ ಕೈ ಮೀರ್ತಿತ್ತು. ಇವತ್ತೊಂದು ದಿನ ನೋಡ್ಬೇಕು" ಅಂದರು ಡಾಕ್ಟರು. ಅಂಗಾಲಿನ ಚರ್ಮ ಎರಡು ಕಡೆ ಎದ್ದಿತ್ತು. ಪಂಚಾಕ್ಷರಪ್ಪನವರು ಆ ಅಂಗಾಲನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಇದು ಅಲ್ಲೇ ಬಿದ್ದಿದ್ರೆ ಮನೇಲಿ ಏನ್ ಹೇಳ್ತಿದ್ರಿ?" ಅಂತ ಮೂಕಮ್ಮ ಮೆಲ್ಲಗೆ ಕೇಳಿದಳು. ಚುಚ್ಚಲು ಕೇಳಿದ್ದಲ್ಲ.

ಅವರು ತಲೆ ಎತ್ತಲಿಲ್ಲ. "ಉಳಕಂತು ಅಂತಿದ್ದೆ" ಅಂದರು. "ಹೋದ ವರ್ಷ ಉಳಕಂಡವು ಎಲ್ಲಿ ಮಲಗಿದ್ವು ಅಂತ ನಾನು ಕೇಳಲೇ ಇಲ್ಲ ತಾಯಿ."

ಆವತ್ತು ಗುಂಪು ನ್ಯಾಮತಿಯಲ್ಲೇ ಉಳಿಯಿತು. ಮರುದಿನ ಯಾರೂ ಹೇಳದೆ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರೂ ಗಂಟು ಕಟ್ಟಿ ನಿಂತಿದ್ದರು. ಭೈರ ಆಟೋದಲ್ಲಿ, ಕಾಲಿಗೆ ಬಿಳಿ ಪಟ್ಟಿ. ಅಕ್ಕಿ ಮೂಟೆಯ ಜಾಗ ಹುರುಳಿ ಅದಕ್ಕೆ ಬಿಟ್ಟುಕೊಟ್ಟಿತ್ತು.

ಬಿಸಿಲು ಏರುವ ಮುಂಚೆ ಗುಡ್ಡದ ಬುಡಕ್ಕೆ ಬಂದೆವು. ಮೇಲೆ ಜನ ಜಾಸ್ತಿ, ಕೋತಿ ಜಾಸ್ತಿ, ಸುತ್ತ ಕಾಡು. ತೀರ್ಥ ಎಲ್ಲರೂ ಕುಡಿಯುವ ನೀರು. ನಾಯಿಯನ್ನು ಅಲ್ಲಿಗೆ ಕರೆದೊಯ್ಯುವುದು ಬೇಡ ಅಂತ ದುರ್ಗಾಂಬಿಕಾ ಮೊದಲೇ ಹೇಳಿದ್ದಳು. ಒಬ್ಬರು ಕೆಳಗೆ ಇರಲೇಬೇಕು.

"ನಾನು ಹನ್ನೊಂದು ಸಲ ನೋಡೀನಿ. ನೀನು ಹೋಗು" ಅಂದೆ.

ಮೂಕಮ್ಮ ಹತ್ತಿದಳು. ನಾನು ಮರದ ಕೆಳಗೆ ಎರಡು ನಾಯಿಗಳ ನಡುವೆ ಕೂತೆ. ಹುರುಳಿಯ ಬೆರಳ ಸಂದಿಯಲ್ಲಿ ಒಂದು ಮುಳ್ಳು ಇತ್ತು, ತೆಗೆದೆ. ಕಿವಿ ಮಡಚಿ ನೋಡಿದೆ, ಒಂದು ಉಣ್ಣೆ ಸಿಕ್ಕಿತು, ಅದನ್ನೂ ತೆಗೆದೆ. ಮೇಲಿಂದ ಗಂಟೆ ಸದ್ದು ಬರುತ್ತಿತ್ತು. ಆ ಸಲ ದೇವರ ಮುಖ ನೋಡಲಿಲ್ಲ ಅಂತ ನನಗೆ ಬೇಸರ ಅನಿಸಲೇ ಇಲ್ಲ.

ಮೂಕಮ್ಮ ಚಿಕ್ಕ ಬಾಟಲಿಯಲ್ಲಿ ತೀರ್ಥ ತಂದು ನನ್ನ ಅಂಗೈಗೆ ಹಾಕಿದಳು. "ಎಲ್ಲಾ ಚೆನ್ನಾಗಿ ಕಾಣ್ತು ಕಣ್ರಿ, ದೀಪ ಸೈತ" ಅಂದಳು. ಆಮೇಲೆ ಹುರುಳಿಯ ಗೆಜ್ಜೆ ಬಿಚ್ಚಿ ಮಡಿಲಿಗೆ ಇಟ್ಟುಕೊಂಡಳು. "ಇನ್ನು ನಿನಗೆ ರಜಾ" ಅಂತ ಅದಕ್ಕೆ ಹೇಳಿದಳು. ಬಿಲ್ಲೆ ಮಾತ್ರ ಕೊರಳಲ್ಲೇ ಬಿಟ್ಟಳು.

ಊರಿಗೆ ವಾಪಸ್ ಬಂದು ಹನುಮಂತನ ಗುಡಿ ಮುಂದೆ ನಿಂತೆವು. ಪಂಚಾಕ್ಷರಪ್ಪನವರು ಎಂದಿನ ಹಾಗೆ ತಲೆ ಎಣಿಸಿದರು. ಒಂದೊಂದೇ ಬೆರಳು ಮಡಚುತ್ತಾ ಗಟ್ಟಿಯಾಗಿ ಹೇಳಿದರು, "ಇಪ್ಪತ್ತಾರು ಜನ. ಎರಡು ನಾಯಿ." ಅಲ್ಲಿ ನಿಂತಿದ್ದ ದುರ್ಗಾಂಬಿಕಾಳ ಕಡೆ ನೋಡಿ, "ಬರೋ ವರ್ಷ ಸಂಕ್ರಾಂತಿಗೆ ಮುಂಚೆ ಯಾವ ಸೋಮವಾರ ಬರ್ತೈತೆ ನೋಡಮ್ಮ" ಅಂದರು. ಅವಳು ಆಗಲೂ ನಗಲಿಲ್ಲ, ಫೋನಿನಲ್ಲಿ ಕ್ಯಾಲೆಂಡರ್ ತೆಗೆದಳು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ. ನೀವು ತೀರ್ಥರಾಮೇಶ್ವರಕ್ಕೇ ಹೋಗಬೇಕಿಲ್ಲ. ಸೂಳೆಕೆರೆ ಗುಡ್ಡ ಹತ್ತಬಹುದು, ಮಕ್ಕಳ ಜೊತೆ ಹೊಳೆ ದಂಡೆಗೆ ಬುತ್ತಿ ಕಟ್ಟಿಕೊಂಡು ಹೋಗಬಹುದು. ಜಗಳೂರು ಕಡೆ ಕೊಂಡುಕುರಿ ಇರುವ ಕಾಡಿಗೆ ಹೋಗುವುದಾದರೆ ಮಾತ್ರ ನಾಯಿಯನ್ನು ಮನೆಯಲ್ಲೇ ಬಿಡಿ, ಆ ಕಾಡುಜೀವಗಳಿಗೆ ನಮ್ಮ ನಾಯಿ ಅಂದರೆ ಜೀವಭಯ. ಬೇರೆಡೆ ಕರೆದೊಯ್ಯಬಹುದಾದರೆ ಒಂದು ತಿಂಗಳು ಮುಂಚೆ ಚುಚ್ಚುಮದ್ದು ಹಾಕಿಸಿ. ದಿನಾ ಸ್ವಲ್ಪ ನಡೆಸಿ ರೂಢಿ ಮಾಡಿ. ಅದರ ನೀರು ನೀವೇ ಹೊರಿ, ಅದರ ಕಸ ನೀವೇ ಮುಚ್ಚಿ. ನಂಬರಿನ ಬಿಲ್ಲೆ ಕಟ್ಟಿ, ಹಗ್ಗ ಕೈಯಲ್ಲಿರಲಿ. ಹೊರಡುವ ಮೊದಲು ಒಂದು ಸಲ ಬಗ್ಗಿ, ಕೈಯ ಹಿಂಭಾಗ ನೆಲಕ್ಕೆ ಇಟ್ಟು ನೋಡಿ. ಸುಟ್ಟರೆ ಕೂತುಕೊಳ್ಳಿ. ಗುಡ್ಡ ಎಲ್ಲಿಗೂ ಹೋಗುವುದಿಲ್ಲ, ಸಂಜೆಗೂ ಅಲ್ಲೇ ಇರುತ್ತದೆ.

ನಮ್ಮ ಮನೆಯಲ್ಲಿ ಈಗ ಆ ಹಳೇ ಮಾತು ಯಾರೂ ಆಡುವುದಿಲ್ಲ. ನಾನು ಇದನ್ನು ಬರೆಯುತ್ತಿರುವಾಗ ಹುರುಳಿ ಮೂಕಮ್ಮನ ಕಾಲ ಹತ್ತಿರ ಮಲಗಿದೆ.

ಹೊರಡುವಾಗ ಎಷ್ಟು ಜನ ಅಂತ ಎಣಿಸುತ್ತೀರಲ್ಲ, ನಾಯಿನೂ ಎಣಿಸ್ರಿ. ಬಂದ ಮೇಲೆ ಇನ್ನೊಂದು ಸಲ ಎಣಿಸ್ರಿ.